ಒಂದೇ ಗಂಟೆಯ ಹುಬ್ಬಳ್ಳಿ

ಬೆಂಗಳೂರಿನಿಂದ ಹುಬ್ಬಳ್ಳಿಗೆ ರಸ್ತೆಯಲ್ಲಿ ಸುಮಾರು ನಾನೂರು ಕಿಲೋಮೀಟರ್. ವಿಮಾನದಲ್ಲಿ ಒಂದೇ ಗಂಟೆ. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಪಾಠ ಮಾಡಿದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ತಂಗಿಯ ಮಗಳ ಮದುವೆ, ಭಾನುವಾರ ಬೆಳಿಗ್ಗೆ ಧಾರೆ. ಧಾರೆ ಸೀರೆ ಸೋದರಮಾವನ ಕಡೆಯದು, ಅಂದರೆ ನನ್ನ ಜವಾಬ್ದಾರಿ!

"ಶುಕ್ರವಾರವೇ ರೈಲಿಗೆ ಹೋಗ್ಬಿಡೋಣ ರೀ" ಎಂದಳು ಹೆಂಡತಿ ಸರಸ. ನಾನು ಅಟ್ಲಾಸ್ ಬಿಡಿಸಿ, ದಾರ ಹಿಡಿದು ದೂರ ಅಳೆದು ತೋರಿಸಿ, ಶನಿವಾರ ಮಧ್ಯಾಹ್ನ ಹನ್ನೆರಡೂವರೆಯ ವಿಮಾನಕ್ಕೆ ಟಿಕೆಟ್ ಮಾಡಿಸಿದೆ.

ಶನಿವಾರ ಒಂಬತ್ತಕ್ಕೆ ರಾಹುಕಾಲ ಶುರು.

"ಅದಕ್ಕೆ ಮುಂಚೆ ಹೊರಡೋಣ" ಎಂದಳು ಸರಸ.

"ಒಂದು ಗಂಟೆ ದಾರಿಗೆ ಬೆಳಗಾಗೆದ್ದು ಓಡ್ತಾರೇನೆ? ಪರಸ್ಥಾನ ಇಟ್ಟರಾಯ್ತು!"

ಪರಸ್ಥಾನವೆಂದರೆ ಒಳ್ಳೆಯ ಘಳಿಗೆಯಲ್ಲಿ ಒಂದು ಬ್ಯಾಗನ್ನು ಬೇರೆಯವರ ಮನೆಯಲ್ಲಿ ಇಟ್ಟುಬರುವುದು. ಶಾಸ್ತ್ರದ ಪ್ರಕಾರ ಅಲ್ಲಿಗೆ ಪ್ರಯಾಣ ಆರಂಭ. ಆಮೇಲೆ ಯಾವಾಗ ಹೊರಟರೂ ರಾಹು ತಕರಾರು ಮಾಡುವಂತಿಲ್ಲ. ಎಂಟೂಮುಕ್ಕಾಲಿಗೆ ಬಲಗಾಲು ಮುಂದಿಟ್ಟು, ಪಕ್ಕದ ಮನೆಯ ನಾಗರತ್ನಮ್ಮನವರ ಹತ್ತಿರ ಸೀರೆಯ ಬ್ಯಾಗನ್ನೇ ಇಟ್ಟು ಬಂದೆ. ಅತಿ ಮುಖ್ಯವಾದದ್ದು ಮೊದಲು ಹೊರಡಬೇಕಲ್ಲವೇ? ಮನೆಗೆ ಬಂದು ನಿಧಾನವಾಗಿ ಎರಡನೇ ಕಾಫಿ ಕುಡಿದೆ. ಒಂಬತ್ತೂವರೆಗೆ ಟ್ಯಾಕ್ಸಿ ಹತ್ತಿದೆವು.

ಹೆಬ್ಬಾಳ ದಾಟುತ್ತಿದ್ದಂತೆ ಸರಸ ಕೇಳಿದಳು, "ರೀ, ಸೀರೆ ಬ್ಯಾಗ್ ಡಿಕ್ಕೀಲಿದೆ ತಾನೆ?"

ಸೀರೆ ಇನ್ನೂ ಚಾಮರಾಜಪೇಟೆಯಲ್ಲಿ, ನಮ್ಮ ಪಕ್ಕದ ಮನೆಯಲ್ಲೇ ಇತ್ತು!

"ಗಾಡಿ ತಿರುಗ್ಸಪ್ಪಾ!"

"ಸಾರ್, ಫ್ಲೈಟು?" ಎಂದ ಡ್ರೈವರ್.

"ಸೀರೆ ಇಲ್ದೆ ಹೋದ್ರೆ ನನ್ ತಂಗಿ ಛತ್ರದೊಳಗೇ ಬಿಟ್ಕೊಳಲ್ಲ!"

ದಾರಿಯುದ್ದಕ್ಕೂ ಸರಸ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಟ್ರಾಫಿಕ್ಕಿನಲ್ಲಿ ತೆವಳಿ ಹನ್ನೊಂದೂವರೆಗೆ ಬಂದರೆ ನಾಗರತ್ನಮ್ಮನವರ ಬಾಗಿಲಿಗೆ ಬೀಗ! ಫೋನ್ ಮಾಡಿದೆ. ಅದು ಬೀಗ ಹಾಕಿದ ಮನೆಯೊಳಗಿನಿಂದ ಭಜನೆ ಹಾಡಿತು. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಹಾಡಿತು.

ಅವರು ದೇವಸ್ಥಾನದಿಂದ ಪ್ರಸಾದ ಹಿಡಿದು ಬಂದಾಗ ಹನ್ನೆರಡೂಕಾಲು.

"ಅಯ್ಯೋ ಮೇಷ್ಟ್ರೇ, ಇನ್ನೂ ಇಲ್ಲೇ ಇದೀರಾ? ಭದ್ರವಾಗಿರ್ಲಿ ಅಂತ ಬ್ಯಾಗ್ ದೇವರ ಮುಂದೆ ಇಟ್ಟಿದೀನಿ. ಪುಳಿಯೋಗರೆ ತಿಂದು ಹೋಗಿ!"

ತಿಂದೆವು. ವಿಮಾನ ನಮ್ಮನ್ನು ಬಿಟ್ಟು ಹಾರಿತು. ನಾವು ಮೆಜೆಸ್ಟಿಕ್‌ಗೆ ಹೋಗಿ ಹುಬ್ಬಳ್ಳಿ ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತೆವು. ಅಲ್ಲಿ ಪ್ರತಿ ಹಳ್ಳಕ್ಕೂ ನಾನೂ ಸ್ವಲ್ಪ ಹಾರಿದೆ.

ಮರುದಿನ ಧಾರೆ ಸೀರೆಯುಟ್ಟ ಮದುಮಗಳು ನಮಸ್ಕಾರ ಮಾಡುತ್ತ ಕೇಳಿದಳು, "ಮಾಮಾ, ಬೆಂಗಳೂರಿಂದ ವಿಮಾನದಾಗ ಎಷ್ಟ್ ಹೊತ್ತು ಆಗ್ತೈತಿ?"

"ಒಂದೇ ಗಂಟೆ ಕಣಮ್ಮಾ" ಎಂದೆ, ಅಭ್ಯಾಸಬಲದಿಂದ.

ಸರಸ ಆಗ ಬಾಯಿಬಿಟ್ಟಳು. "ಅದು ವಿಮಾನದ ಲೆಕ್ಕ. ನಿಮ್ಮಾವನ್ನ ಪಕ್ಕದ ಮನೆಗೆ ಎಷ್ಟು ದೂರ ಅಂತ ಕೇಳು."

ಹತ್ತೇ ಹೆಜ್ಜೆ. ಅಟ್ಲಾಸಿನಲ್ಲಿ ಅದೊಂದನ್ನು ಅಳೆಯಲು ಮರೆತಿದ್ದೆ!