ಎರಡು ಚೀಲ ಗಡ್ಡೆ

ಹೆಂಡತಿ ಮುಟ್ಟಬೇಡಿ ಎಂದದ್ದನ್ನು ಮುಟ್ಟದೆ ಇದ್ದಿದ್ದರೆ ತ್ರ್ಯಂಬಕ ಹೆಗಡೆಯ ಆ ಶನಿವಾರ ಉಳಿದ ಶನಿವಾರಗಳ ಹಾಗೇ ಕಳೆದುಹೋಗುತ್ತಿತ್ತು. ಆದರೆ ಹೆಂಡತಿಯನ್ನು ಖುಷಿಪಡಿಸಬೇಕೆಂಬ ಹುಚ್ಚು ಕೆಲವು ಗಂಡಸರಿಗೆ ವರ್ಷಕ್ಕೊಮ್ಮೆ ಕೆದರುತ್ತದೆ. ಹೆಗಡೆಗೆ ಅದು ಫೆಬ್ರವರಿಯಲ್ಲಿ ಕೆದರಿತು.

ವಿಷಯ ಕ್ರೊಕೊಸ್ಮಿಯಾ ಹೂವಿನದು. ಹೆಸರು ಬಾಯಿಗೆ ಬರದಿದ್ದರೆ ಬಿಡಿ, ಹೊನ್ನಾವರದ ಆ ಓಣಿಯಲ್ಲಿ ಯಾರ ಬಾಯಿಗೂ ಬರುತ್ತಿರಲಿಲ್ಲ. ಎಲ್ಲರೂ ‘ವನಮಾಲಾನ ಹೂ’ ಎಂದೇ ಹೇಳುತ್ತಿದ್ದರು. ವನಮಾಲಾ ಎಂದರೆ ಹೆಗಡೆಯ ಹೆಂಡತಿ. ಮೂರು ವರ್ಷದ ಹಿಂದೆ ಘಟ್ಟದ ಮೇಲಿನ ಗೆಳತಿಯೊಬ್ಬಳು ಏಳು ಗಡ್ಡೆ ಕೊಟ್ಟಿದ್ದಳು. ಮೊದಲ ವರ್ಷ ಬರೀ ಕತ್ತಿಯಂಥ ಎಲೆ. ಎರಡನೇ ವರ್ಷ ನೀರು ನಿಂತು ಅರ್ಧ ಕೊಳೆತವು. ಮೂರನೇ ವರ್ಷ ಆಕೆ ಪಾತಿಯನ್ನು ಗೇಣುದ್ದ ಏರಿಸಿ, ಮರಳು ಬೆರೆಸಿ, ಮಧ್ಯಾಹ್ನ ತೆಂಗಿನ ನೆರಳು ಬೀಳುವ ಜಾಗ ನೋಡಿ ನೆಟ್ಟಳು. ಮಳೆಗಾಲ ಹಿಡಿಯುವ ಹೊತ್ತಿಗೆ ಬಾಗಿದ ದಂಟಿನ ತುಂಬ ಎರಡು ಸಾಲು ಮೊಗ್ಗು ಬಂದು, ಕೆಳಗಿನಿಂದ ಒಂದೊಂದೇ ಕೆಂಡದ ಬಣ್ಣದಲ್ಲಿ ಅರಳಿದವು. ಓಣಿಗೆ ಓಣಿಯೇ ಬಂದು ನೋಡಿಹೋಯಿತು.

ನೋಡಿದವರೆಲ್ಲ ಗಡ್ಡೆ ಕೇಳಿದರು. ವನಮಾಲಾ ಎಲ್ಲರಿಗೂ ಮುಂದಿನ ವರ್ಷ ನೋಡನ ಎಂದಳು. ಕೇಳಿದವರು ಬೇಜಾರು ಮಾಡಿಕೊಳ್ಳಲಿಲ್ಲ, ಏಕೆಂದರೆ ಕೇಳಿ ತಂದ ಗಿಡ ಹಿಡಿಯುವುದಿಲ್ಲ, ಕದ್ದು ತಂದದ್ದೇ ಚೆನ್ನಾಗಿ ಹಿಡಿಯುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರ ಗಟ್ಟಿ ನಂಬಿಕೆ. ಬಂಗಾರ ಕದ್ದರೆ ಕಳ್ಳತನ ಎನ್ನುತ್ತಾರೆ, ಹೂವಿನ ಗಡ್ಡೆ ಕದ್ದರೆ ಕೈಗುಣ ಎನ್ನುತ್ತಾರೆ.

ಈಗ ಎಲೆ ಒಣಗಿತ್ತು. ವನಮಾಲಾ ಬುಡ ಅಗೆದು ನೋಡಿದರೆ ಒಂದೊಂದು ಗಡ್ಡೆಯೂ ಒಂದರ ಮೇಲೊಂದು ಮರಿಯಿಟ್ಟು ಸರಪಳಿಯಾಗಿತ್ತು. ಬಿಡಿಸಿ ಎಣಿಸಿದಳು, ಅರವತ್ತರ ಮೇಲಿದ್ದವು. ನೆರಳಿನಲ್ಲಿ ಒಣಗಿಸಿ ಎತ್ತಿಟ್ಟು, ಶುಕ್ರವಾರ ಬೆಳಿಗ್ಗೆ ಕಾಗಾಲದ ತಂಗಿಯ ಮನೆಗೆ ಹೊರಟಳು.

“ಪಾತಿ ಮಾತ್ರ ಮಾಡಿ ಇಡಿ. ಗಡ್ಡೆ ಮುಟ್ಟಡಿ. ನಾಳೆ ಸಂಜೆ ನಾ ಬಂದು ನೆಡ್ತೆ. ಗೊತ್ತಾತಾ?”

“ಗೊತ್ತಾತು” ಎಂದ ಹೆಗಡೆ. ಅವನಿಗೆ ಗೊತ್ತಾದದ್ದು ಬೇರೆಯೇ.

ಮನೆಯಲ್ಲಿ ಎರಡು ಬಟ್ಟೆ ಚೀಲಗಳಿದ್ದವು. ಹಿಂದಿನ ಜಗಲಿಯ ಗೂಟಕ್ಕೆ ನೇತಾಡುತ್ತಿದ್ದ ಚೀಲಕ್ಕೆ ವನಮಾಲಾಳ ಕೈಬರಹದಲ್ಲಿ ‘ಕ್ರೊಕೊಸ್ಮಿಯಾ’ ಎಂಬ ಚೀಟಿ ಅಂಟಿತ್ತು. ಇನ್ನೊಂದು ಅಡುಗೆಮನೆಯಲ್ಲಿ, ಅಕ್ಕಿ ಡಬ್ಬಿಯ ಹಿಂದೆ, ಚೀಟಿಯಿಲ್ಲದೆ ಕೂತಿತ್ತು. ಪಕ್ಕದ ಮನೆಯ ತಿಮ್ಮಿ ಆ ವಾರ ಒಂದು ಮೊರ ಸಾಂಬ್ರಾಣಿ ಗಡ್ಡೆ, ಅಂದರೆ ಅಡುಗೆಗೆ ಹಾಕುವ ಪುಟ್ಟ ಆಲೂಗಡ್ಡೆಯಂಥ ಗಡ್ಡೆ, ಕೊಟ್ಟುಹೋದದ್ದು ಹೆಗಡೆಗೆ ನೆನಪಿತ್ತು. ಹುಳಿ ಮಾಡಿದರೆ ಸಾಂಬ್ರಾಣಿ ಗಡ್ಡೆಯ ಹುಳಿಯೇ ಮಾಡಬೇಕು. ಅವನು ಗುಮಾಸ್ತನಾಗಿದ್ದ ಸಹಕಾರಿ ಸಂಘದಲ್ಲಿ ಶನಿವಾರ ಎಲ್ಲರೂ ಒಟ್ಟಿಗೆ ಊಟ ಮಾಡುವ ರೂಢಿ, ಈ ವಾರ ಹುಳಿ ತರುವ ಸರದಿ ಅವನದೇ.

ಹೆಂಡತಿ ಬರುವುದರೊಳಗೆ ಹೂವನ್ನೂ ನೆಟ್ಟು, ಹುಳಿಯನ್ನೂ ಮಾಡಿ ಶಭಾಷ್ ಎನ್ನಿಸಿಕೊಳ್ಳುವುದೆಂದು ಹೆಗಡೆ ಶನಿವಾರ ಬೆಳಿಗ್ಗೆ ಐದಕ್ಕೇ ಎದ್ದ. ಎರಡೂ ಚೀಲಗಳನ್ನು ಮಬ್ಬುಗತ್ತಲಲ್ಲೇ ಬಾವಿಕಟ್ಟೆಯ ಕಲ್ಲಿನ ಮೇಲೆ ಸುರಿದುಕೊಂಡ. ಒಂದು ರಾಶಿಯನ್ನು ಗೋಣಿಯಲ್ಲಿ ಕಟ್ಟಿ ಕಲ್ಲಿಗೆ ಬಡಿದು ಸಿಪ್ಪೆ ತೆಗೆದ. ಇನ್ನೊಂದನ್ನು ನಾಲ್ಕು ಬೆರಳು ಆಳದಲ್ಲಿ, ಗೇಣಿಗೊಂದರಂತೆ, ಸಾಲು ಹಿಡಿದು ನೆಟ್ಟು ನೀರು ಹೊಯ್ದ. ಹುಳಿ ಕುದಿಯುವಾಗ ಶಿಳ್ಳೆ ಕೂಡ ಹಾಕಿದ.

ಮಧ್ಯಾಹ್ನ ಒಂದೂವರೆಗೆ ನಾಲ್ಕು ಎಲೆ ಬಿದ್ದವು. ಮ್ಯಾನೇಜರ್ ಶ್ರೀಗೌರಿ ಮೇಡಂ, ಕ್ಯಾಶಿಯರ್ ಹರೀಶ, ಜವಾನ ಅರುಣ ಮತ್ತು ಹೆಗಡೆ. ಮೇಡಂ ಓಣಿಯ ಆಚೆ ತುದಿಯವರು. ನಿನ್ನೆ ಸಂಜೆಯಷ್ಟೇ ಕರಿಬೇವು ಬೇಕೆಂದು ಹೆಗಡೆಯ ಮನೆಗೆ ಬಂದು, ಚಾ ಕುಡಿದು ಹೋಗಿದ್ದರು.

“ಹೆಗಡೇರೆ, ನೀವು ಮಾಡಿದ್ದು ಅಂದ್ರೆ ನಂಬೂಕೆ ಆಗೂದಿಲ್ಲ” ಎಂದು ಮೇಡಂ ಮೂರನೇ ಸಲ ಹಾಕಿಸಿಕೊಂಡರು.

ಹರೀಶ ಹಲ್ಲಿನ ಸಂದಿಯಿಂದ ಉದ್ದದ ನಾರೊಂದನ್ನು ಎಳೆದು ಬೆಳಕಿಗೆ ಹಿಡಿದ. “ಗಡ್ಡೆ ಒಂಚೂರು ಬಲ್ತದೆ ಮಾರಾಯ್ರೆ” ಎಂದ. ಆಮೇಲೆ ಅವನೂ ಹಾಕಿಸಿಕೊಂಡ.

ಎರಡೂಕಾಲಿಗೆ ವನಮಾಲಾ ಫೋನ್ ಮಾಡಿದಳು.

“ಪಾತಿ ಮಾಡಿದ್ರಾ?”

“ಮಾಡಿದ್ದೆ.”

“ಗಡ್ಡೆ ಮುಟ್ಟಿದ್ದಿಲ್ಲೆ ಅಲ್ದಾ? ಅದ್ರ ಮೈಮೇಲೆ ನಾರಿನ ಸಿಪ್ಪೆ ಇರ್ತು, ಬಲೆ ಇದ್ದಾಂಗೆ. ಅದು ಸುಲಿದುಹೋದ್ರೆ ಗಡ್ಡೆ ಕೊಳೆತು ಹೋಗ್ತು.”

ಅವನು ನೆಟ್ಟ ಗಡ್ಡೆಗಳ ಮೈ ನುಣ್ಣಗಿತ್ತು. ನಾರು ಎಲ್ಲಿತ್ತು? ಗೋಣಿಗೆ ಕಟ್ಟಿ ಬಡಿದವುಗಳಲ್ಲಿತ್ತು. ಹರೀಶನ ಹಲ್ಲಿನಲ್ಲಿತ್ತು.

“ಕೇಳ್ತಿದ್ದಾ?”

“ಇಲ್ಲೆ, ಮುಟ್ಟಿದ್ದಿಲ್ಲೆ” ಎಂದು ಫೋನ್ ಇಟ್ಟ. ವನಮಾಲಾಗೆ ನಿಜ ಹೇಳುವಷ್ಟು ಧೈರ್ಯ ಅವನಿಗೆ ಮದುವೆಯಾದಾಗಿನಿಂದಲೂ ಇರಲಿಲ್ಲ.

ಬಾವಿಕಟ್ಟೆಯ ಮೇಲೆ ಎರಡು ರಾಶಿಯೂ ಅದಲುಬದಲಾಗಿದೆ. ಹೂವಿನ ಗಡ್ಡೆ ಹುಳಿಗೆ ಬಿದ್ದಿದೆ. ಮೊಬೈಲಿನಲ್ಲಿ ಹುಡುಕಿದ. ಒಬ್ಬ ವಿಷ ಎಂದಿದ್ದ, ಇನ್ನೊಬ್ಬ ವಿಷವಲ್ಲ ಎಂದಿದ್ದ, ಮೂರನೆಯವನು ತಿನ್ನುವ ಮೊದಲು ವೈದ್ಯರನ್ನು ಕೇಳಿ ಎಂದಿದ್ದ. ಹೆಗಡೆಗೆ ಮೊದಲನೆಯವನ ಮೇಲೆಯೇ ನಂಬಿಕೆ ಬಂತು.

ತಲೆಯೆತ್ತಿದರೆ ಅರುಣ ಸ್ಟೂಲಿನ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿದ್ದ. ಅರುಣ ದಿನಾ ಊಟವಾದ ಮೇಲೆ ಹಾಗೇ ಮಲಗುತ್ತಿದ್ದ, ಆದರೆ ಇವತ್ತು ಹೆಗಡೆಗೆ ಅದು ಹಾಗೆ ಕಾಣಲಿಲ್ಲ. ಮೆಲ್ಲಗೆ ಹೋಗಿ ಮೂಗಿನ ಕೆಳಗೆ ಬೆರಳು ಹಿಡಿದ.

“ಎಂತ ಮಾಡ್ತ್ರಿ?” ಅರುಣ ಒಂದೇ ಕಣ್ಣು ತೆರೆದ.

“ಉಸಿರು ಬತ್ತಾ ಉಂಟಾ?”

“ನಿಮ್ಮ ಬೆರಳು ತೆಗೆದ್ರೆ ಬತ್ತದೆ.”

ಅಷ್ಟರಲ್ಲಿ ಹರೀಶ ಹೊಟ್ಟೆ ಹಿಡಿದುಕೊಂಡು ಹಿಂದಿನ ಬಾಗಿಲಿಗೆ ಹೋದ. ಮೇಡಂಗೆ ಬಿಕ್ಕಳಿಕೆ ಶುರುವಾಯಿತು. ಇನ್ನು ಕೂತರೆ ಕೆಲಸ ಕೆಟ್ಟಿತು ಎಂದು ಹೆಗಡೆ ಸ್ಕೂಟರ್ ಹತ್ತಿ ಮನೆಗೆ ಓಡಿದ. ಒಂದೇ ಒಂದು ಆಸೆ ಉಳಿದಿತ್ತು. ಪಾತಿಯಲ್ಲಿ ಹೂವಿನ ಗಡ್ಡೆಯೇ ಇದ್ದರೆ ನಾಲ್ವರೂ ಬದುಕಿದರು.

ಮಂಡಿಯೂರಿ ಎರಡೂ ಕೈಯಲ್ಲಿ ಮಣ್ಣು ಕೆದಕಿದ. ಒಂದು ಗಡ್ಡೆ ಬಂತು, ನುಣ್ಣಗೆ. ಇನ್ನೊಂದು ಬಂತು, ಅದೂ ನುಣ್ಣಗೆ. ಅರ್ಧ ಪಾತಿ ಕೆದಕುವಷ್ಟರಲ್ಲಿ ಬೇಲಿಯ ಆಚೆ ತಿಮ್ಮಿಯ ತಲೆ ಕಂಡಿತು.

“ಹೆಗಡೇರೆ, ನಾ ಕೊಟ್ಟ ಸಾಂಬ್ರಾಣಿ ಗಡ್ಡೆ ಈಗ ಎಂತಕ್ಕೆ ನೆಟ್ರಿ? ಅದು ಮಳೆ ಬಿದ್ದಮೇಲೆ ನೆಡೂದು.”

“ಇದು ಸಾಂಬ್ರಾಣಿ ಗಡ್ಡೆಯೇ ಹೌದಾ? ಸಮಾ ನೋಡು ತಿಮ್ಮಿ.”

“ನಾ ಬೆಳೆದದ್ದು ನಂಗೆ ಗುರುತಿಲ್ವಾ?”

ಹೆಗಡೆ ಮಣ್ಣಿನ ಮೇಲೇ ಕೂತುಬಿಟ್ಟ. ತಾನು ಸತ್ತರೆ ಹೋಗಲಿ. ಹರೀಶನ ಮಗಳಿಗೆ ಇನ್ನೂ ಮೂರು ತಿಂಗಳು. ಅರುಣನ ಮದುವೆ ಮುಂದಿನ ತಿಂಗಳು ಮುರ್ಡೇಶ್ವರದಲ್ಲಿ. ಮೂರು ಮನೆ ಹಾಳುಮಾಡಿದೆನಲ್ಲ ಎಂದು ಅವನಿಗೆ ನಿಜವಾಗಿಯೂ ಅಳು ಬಂತು.

ಸಂಘಕ್ಕೆ ವಾಪಸ್ ಬಂದವನೇ ಕೈಯಲ್ಲಿದ್ದ ಗಡ್ಡೆಗಳನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಒದರಿಬಿಟ್ಟ. ಹರೀಶ ಬೆವರತೊಡಗಿದ. ಅರುಣ ಹುಡುಗಿಯ ಮನೆಗೆ ಫೋನ್ ಹಚ್ಚಿ, ಏನು ಹೇಳಬೇಕೆಂದು ತಿಳಿಯದೆ ಇಟ್ಟ. ಮೇಡಂ ಒಬ್ಬರೇ ಲೆಡ್ಜರ್ ನೋಡುತ್ತ ಕೂತಿದ್ದರು.

“ಎಂತ ಆಗೂದಿಲ್ಲ, ಕೆಲಸ ಮಾಡಿ” ಎಂದರು.

ವಿಷ ಮಂಡೆಗೆ ಹತ್ತಿದೆ ಎಂದು ಹೆಗಡೆಗೆ ಖಾತ್ರಿಯಾಯಿತು. ಮೂವರೂ ಸೇರಿ ಅವರನ್ನು ಹೆಚ್ಚುಕಮ್ಮಿ ಎತ್ತಿಕೊಂಡೇ ರಿಕ್ಷಾ ಹತ್ತಿಸಿದರು.

ಡಾಕ್ಟರ್ ಸುಜಯರ ಕ್ಲಿನಿಕ್ಕಿನಲ್ಲಿ ನಾಲ್ವರೂ ಒಂದೇ ಬೆಂಚಿನಲ್ಲಿ ಕೂತರು. ಡಾಕ್ಟರು ಒಬ್ಬೊಬ್ಬರದೇ ನಾಡಿ ಹಿಡಿದು, ನಾಲಿಗೆ ನೋಡಿ, ಗಡಿಯಾರ ನೋಡಿದರು.

“ಎಂಥ ಹೂ ಅಂದ್ರಿ?”

“ಕ್ರೊಕೊಸ್ಮಿಯಾ.”

“ನಾ ಕೇಳಿದ್ದೇ ಇಲ್ಲ. ಕೇಳದೇ ಇದ್ದದ್ದಕ್ಕೆ ಔಷಧ ಹೇಗೆ ಕೊಡೂದು? ಆಂಬುಲೆನ್ಸ್ ಕರೀತೆ, ನಾಲ್ಕೂ ಜನ ದೊಡ್ಡ ಆಸ್ಪತ್ರೆಗೆ ಹೋಗಿ. ಮೂಗಿಂದ ನಳಿಗೆ ಹಾಕಿ ಹೊಟ್ಟೆ ತೊಳೀತಾರೆ. ಮತ್ತೆ, ಇದು ತಿನ್ನಿಸಿದ ಕೇಸು. ಪೊಲೀಸರಿಗೂ ಒಂದು ಮಾತು ಹೇಳ್ಬೇಕಾಗ್ತದೆ.”

ಪೊಲೀಸ್ ಎಂದದ್ದೇ ಹೆಗಡೆ ಬಾಗಿಲಿನ ಕಡೆ ನೋಡಿದ. ನಳಿಗೆ ಎಂದದ್ದೇ ಶ್ರೀಗೌರಿ ಮೇಡಂ ಎದ್ದು ನಿಂತರು. “ಹೆಗಡೇರೆ, ಒಂಚೂರು ಹೊರಗೆ ಬನ್ನಿ” ಎಂದು ಅವನನ್ನು ಕ್ಲಿನಿಕ್ಕಿನ ಹಿಂದಕ್ಕೆ ಕರೆದೊಯ್ದರು.

“ನಾವು ತಿಂದದ್ದು ಸಾಂಬ್ರಾಣಿ ಗಡ್ಡೆಯೇ. ಹೆದರಬೇಡಿ.”

“ಇಲ್ಲ ಮೇಡಂ. ಪಾತಿಯಲ್ಲಿ ಸಾಂಬ್ರಾಣಿ ಉಂಟು, ನಾ ಕಣ್ಣಾರೆ ನೋಡಿ ಬಂದೆ.”

“ಪಾತಿಯದ್ದೂ ಸಾಂಬ್ರಾಣಿಯೇ.” ಮೇಡಂ ಸೆರಗಿನಿಂದ ಮುಖ ಒರೆಸಿಕೊಂಡರು. “ನಿನ್ನೆ ನೀವು ಚಾ ಮಾಡೂಕೆ ಒಳಗೆ ಹೋದಾಗ, ಜಗಲಿಯಲ್ಲಿ ಚೀಟಿ ಹಚ್ಚಿದ ಚೀಲ ಇತ್ತಲ್ಲ, ಅದ್ರ ಗಡ್ಡೆ ಪೂರಾ ನಾ ಕತ್ತಲೆಯಲ್ಲೇ ತಗೊಂಡೆ. ಚೀಲ ಖಾಲಿ ಕಾಣ್ಬಾರದು ಅಂತ ಮನೆಯಿಂದ ತಂದ ಸಾಂಬ್ರಾಣಿ ಗಡ್ಡೆ ತುಂಬ್ಸಿಟ್ಟೆ. ಮಳೆಗಾಲದಿಂದ ಕೇಳ್ತಾ ಇದ್ದೆ, ನಿಮ್ಮನೆಯವ್ರು ಕೊಡ್ಲಿಲ್ಲ. ರಾತ್ರಿಯೇ ನೆಟ್ಟೆ, ಹೂ ಈಗ ನಮ್ಮನೆ ಅಂಗಳದಲ್ಲಿ ಉಂಟು.”

ಹೆಗಡೆಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಹರೀಶ ಬದುಕಿದ, ಅರುಣನ ಮದುವೆ ಉಳಿಯಿತು, ಜೈಲು ತಪ್ಪಿತು.

“ಆದ್ರೆ ಇದು ಯಾರಿಗೂ ಗೊತ್ತಾಗ್ಬಾರದು” ಎಂದರು ಮೇಡಂ. “ನೀವೇ ಹೋಗಿ ತಪ್ಪಿ ಹೇಳಿದೆ ಅಂತ ಹೇಳಿ. ಇಲ್ಲದಿದ್ರೆ ನಿಮ್ಮ ರಜೆ ಅರ್ಜಿ ನನ್ನ ಮೇಜಿನ ಮೇಲೇ ಉಂಟು.”

ಹೆಗಡೆ ಒಳಗೆ ಹೋಗಿ, ಹೂವಿನ ಗಡ್ಡೆ ಭದ್ರವಾಗಿ ಮನೆಯಲ್ಲೇ ಇದೆ, ತನ್ನದೇ ಕಣ್ತಪ್ಪು, ದೇವರಾಣೆ ಎಂದ. ಡಾಕ್ಟರು ಆಂಬುಲೆನ್ಸಿಗೆ ಬೇಡವೆಂದು ಹೇಳಿದರು. ಹರೀಶ ಹೊರಡುವಾಗ ಅವನ ಮುಖ ಕೂಡ ನೋಡಲಿಲ್ಲ. ಅರುಣ ಮಾತ್ರ ಬಾಗಿಲಲ್ಲಿ ನಿಂತು, “ಮದ್ವೆಗೆ ಬನ್ನಿ ಹೆಗಡೇರೆ, ಅಡುಗೆಮನೆ ಬದಿಗೆ ಮಾತ್ರ ಬರಬೇಡಿ” ಎಂದು ಹೋದ. ಎಲ್ಲರೂ ನಡೆದುಕೊಂಡೇ ಮನೆಗೆ ಹೋದದ್ದನ್ನು ನೋಡಿ ಹೆಗಡೆಗೆ ಹಾಯೆನಿಸಿತು.

ಆರು ಗಂಟೆಗೆ ವನಮಾಲಾ ಬಂದಳು. ಕೈಚೀಲ ಇಡುವ ಮೊದಲೇ ಹಿತ್ತಿಲಿಗೆ ಹೋಗಿ, ಹಂದಿ ಹೊಕ್ಕಂತಿದ್ದ ಪಾತಿಯನ್ನು ನೋಡಿ ನಿಂತಳು.

“ಇದೆಂತದು?”

ಮೇಡಂಗೆ ಕೊಟ್ಟ ಮಾತು ಹೆಗಡೆಯ ಬಾಯಲ್ಲಿ ಅರ್ಧ ನಿಮಿಷವೂ ನಿಲ್ಲಲಿಲ್ಲ. ಚೀಟಿಯ ಚೀಲದ ಗಡ್ಡೆ ತಾನು ನೆಟ್ಟದ್ದು, ಅದು ಸಾಂಬ್ರಾಣಿ ಎಂದು ಗೊತ್ತಾದದ್ದು, ಹೂವಿನ ಗಡ್ಡೆಯನ್ನು ಶ್ರೀಗೌರಿ ಮೇಡಂ ಕದ್ದದ್ದು ಎಲ್ಲ ಹೇಳಿದ. ಹುಳಿಯ ಸುದ್ದಿಗೆ ಇನ್ನೂ ಬಂದಿರಲಿಲ್ಲ. ಮೂರು ವರ್ಷ ಸಾಕಿದ ಹೂ ಹೋಯಿತೆಂದು ಅವಳು ಅಳುತ್ತಾಳೆ ಎಂದುಕೊಂಡು ತಲೆ ತಗ್ಗಿಸಿದ.

ವನಮಾಲಾ ನಗುತ್ತಿದ್ದಳು. ನಕ್ಕು ನಕ್ಕು ಬಾವಿಕಟ್ಟೆಯ ಮೇಲೆ ಕೂತಳು.

“ಶ್ರೀಗೌರಿ ಬತ್ತು ಹೇಳಿ ನಂಗೆ ಮೊದ್ಲೇ ಗೊತ್ತಿತ್ತು. ಚೀಟಿ ಅಂಟ್ಸಿ ಗೂಟಕ್ಕೆ ನೇತು ಹಾಕಿದ್ದು ಅದಕ್ಕೇಯಾ. ಅದ್ರಲ್ಲಿ ಇದ್ದದ್ದು ತಿಮ್ಮಿ ಕೊಟ್ಟ ಸಾಂಬ್ರಾಣಿ ಗಡ್ಡೆ. ಸಾಂಬ್ರಾಣಿ ತಗಂಡು ಸಾಂಬ್ರಾಣಿ ಇಟ್ಟಿಕ್ಕೆ ಹೋಯ್ದು. ನೀರು ಹಾಕ್ಲಿ, ಗೊಬ್ಬರ ಹಾಕ್ಲಿ, ಹೂ ಬಪ್ಪುದು ಕಾಯ್ಲಿ.”

“ಹಾಂಗಾರೆ ಹೂವಿನ ಗಡ್ಡೆ?” ಹೆಗಡೆ ಮೆಲ್ಲಗೆ ಕೇಳಿದ.

“ಅಡುಗೆಮನೆಲಿ, ಅಕ್ಕಿ ಡಬ್ಬಿ ಹಿಂದೆ ಇದ್ದು. ಅಲ್ಲಿ ಯಾರು ಹುಡುಕ್ತ? ನಿಂಗ ಅಂತೂ ಆ ಬದಿಗೆ ತಲೆಯೇ ಹಾಕ್ತಿಲ್ಲೆ ಹೇಳಿ ಧೈರ್ಯ.” ವನಮಾಲಾ ಸೆರಗು ಸಿಕ್ಕಿಸಿಕೊಂಡು ಪಾತಿಯ ಮಣ್ಣು ಸಮ ಮಾಡತೊಡಗಿದಳು. “ಹೋಗಿ, ಆ ಚೀಲ ತಗಂಡು ಬನ್ನಿ. ಬೆಳಕಿದ್ದಾಗಲೇ ನೆಟ್ಟುಬಿಡನ.”

ಆ ಚೀಲದ್ದೆಲ್ಲ ಬೆಳಿಗ್ಗೆಯೇ ಹುಳಿಗೆ ಬಿದ್ದಿತ್ತು. ಡಾಕ್ಟರ ಮುಂದೆ ತಾನು ಹಾಕಿದ ಆಣೆ, ನಡೆದುಕೊಂಡು ಮನೆಗೆ ಹೋದ ಮೂವರು, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಮೊದಲು ಯಾರಿಗೆ ಹೇಳುವುದು, ಡಾಕ್ಟರಿಗೋ, ಇವಳಿಗೋ? ಡಾಕ್ಟರಿಗೆ ಹೇಳಿದರೆ ಬದುಕುವ ಒಂದು ದಾರಿಯಾದರೂ ಇತ್ತು. ಇವಳಿಗೆ ಹೇಳಿದರೆ ಅದೂ ಇರಲಿಲ್ಲ.

“ತರ್ತೆ, ಒಂದು ನಿಮಿಷ” ಎಂದು ಒಳಗೆ ಹೋದ ಹೆಗಡೆ, ಮುಂದಿನ ಬಾಗಿಲಿನಿಂದ ಹೊರಬಿದ್ದು, ಸ್ಕೂಟರನ್ನು ಸದ್ದಾಗದಂತೆ ಓಣಿಯ ತುದಿಯವರೆಗೆ ತಳ್ಳಿಕೊಂಡು ಹೋದ.