ಅತ್ತೆ ಕೂತರೆ ಮೊಟ್ಟೆ ಒಡೆಯದು

ಅತ್ತೆ ಬರುತ್ತಾರೆಂದರೆ ಅಳಿಯನ ಮುಖ ಹರಳೆಣ್ಣೆ ಕುಡಿದಂತಾಗುವುದು ಲೋಕರೂಢಿ. ನನ್ನ ಮುಖ ಮಾತ್ರ ಅರಳುತ್ತದೆ. (ಹೆಂಡತಿಗೆ ಅನುಮಾನ ಹುಟ್ಟಿದ್ದೇ ಇದರಿಂದ.) ಆ ಮಹಾತಾಯಿಯ ಋಣ ನನ್ನ ಮೇಲೆ ಎಷ್ಟಿದೆಯೆಂದು ಹೇಳಿಯೇ ಬಿಡುತ್ತೇನೆ.

ನಮ್ಮದು ಗುಡ್ಡದ ಮೇಲೊಂದು ಕೋಳಿ ಫಾರಂ. ದಿನವೂ ಕೆಳಗಿನ ಬೇಕರಿಗೆ ಮೊಟ್ಟೆ ಮುಟ್ಟಿಸಬೇಕು. ನಡುವೆ ಇರುವುದು ಬರೀ ಕಲ್ಲು, ಕೊರಕಲು; ಅದನ್ನು ರಸ್ತೆ ಎಂದರೆ ನಿಜವಾದ ರಸ್ತೆಗಳಿಗೆ ಬೇಜಾರಾದೀತು. ನಮ್ಮ ಮುದಿ ಜೀಪು ಓಲಾಡಿಕೊಂಡಾದರೂ ಸುಖವಾಗಿ ಇಳಿಯುತ್ತಿತ್ತು. ಹೆಂಡತಿ ಬೇಡವೆಂದರೂ ಕೇಳದೆ ನಾನು ಅದರ ಜೀರ್ಣೋದ್ಧಾರಕ್ಕೆ ಇಳಿದೆ. ಲಾರಿಗೆ ಹಾಕುವಂಥ ದಪ್ಪ ಸ್ಪ್ರಿಂಗ್ ಪಟ್ಟಿಗಳನ್ನು ಹಾಕಿಸಿ, ಹಳೆಯವನ್ನು ಗುಜರಿಗೆ ಕೊಟ್ಟೆ. ಗಾಳಿ ಹೆಚ್ಚಿದಷ್ಟೂ ಮೆತ್ತಗೆ ಎಂಬ ಸ್ವಂತ ಸಿದ್ಧಾಂತದ ಮೇರೆಗೆ ಟೈರುಗಳಿಗೂ ಬಿರಿಯುವಷ್ಟು ಗಾಳಿ ತುಂಬಿಸಿದೆ.

ಮರುದಿನ ಜೀಪು ಪ್ರತಿ ಕಲ್ಲಿಗೂ ಕಪ್ಪೆಯಂತೆ ನೆಗೆಯಿತು. ಬೇಕರಿ ತಲುಪುವಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಲೋಳೆ ಸುರಿಯುತ್ತಿತ್ತು.

"ಒಡೆಯೋ ಕೆಲಸ ನಾವೇ ಮಾಡ್ಕೋತೀವಿ ಸ್ವಾಮಿ," ಎಂದ ಬೇಕರಿಯವನು. "ಇನ್ನೊಂದು ವಾರ ನೋಡ್ತೀನಿ. ಹೀಗೇ ಆದ್ರೆ ಬೇರೆಯವರ ಹತ್ರ ತಗೋತೀನಿ."

ಅವನನ್ನು ಬಿಟ್ಟರೆ ನಮಗೆ ಬೇರೆ ಗಿರಾಕಿಯಿಲ್ಲ. ಟೈರಿನ ಗಾಳಿ ಇಳಿಸಿ ನೋಡಿದೆ. ಸಣ್ಣ ಕಲ್ಲುಗಳ ಕುಟ್ಟಾಟ ತಗ್ಗಿತು, ಆದರೆ ನೆಗೆತ ನಿಲ್ಲಲಿಲ್ಲ.

ಆಗಲೇ ಅತ್ತೆ ಬಂದರು. ಕನ್ನಡಕ ರಿಪೇರಿಗೆಂದು ಜೀಪು ಹತ್ತಿದವರು, ಮುಂದೆ ಕೂತರೆ ನನ್ನ ಡ್ರೈವಿಂಗ್ ಕಣ್ಣಿಗೆ ಬೀಳುತ್ತದೆಂದು ಹಿಂದೆ, ಮೊಟ್ಟೆಗಳ ಪಕ್ಕ ಕೂತರು. ಏನು ಹೇಳಲಿ, ಜೀಪು ಪಲ್ಲಕ್ಕಿಯಂತೆ ಇಳಿಯಿತು. ಒಂದು ಮೊಟ್ಟೆಯೂ ಬಿರುಕು ಬಿಡಲಿಲ್ಲ. ಅಂದಿನಿಂದ ದಿನವೂ ಅವರನ್ನು ಸುತ್ತಾಡಿಸಲು ಕರೆದೊಯ್ದೆ. ಊರಿಗೆ ಹೊರಡುತ್ತೇನೆಂದು ಅವರು ಹೇಳಿದಾಗ ನನಗೆ ಕಣ್ಣೀರೇ ಬಂತು. (ಖಂಡಿತ ನಾಟಕವಲ್ಲ.)

"ಇಷ್ಟು ವರ್ಷ ಇಲ್ಲದ ಪ್ರೀತಿ ಈಗ ಎಲ್ಲಿಂದ ಬಂತು ರೀ?" ಎಂದಳು ಹೆಂಡತಿ.

"ಸುಮ್ನಿರೇ, ಅಳಿಯಂದ್ರು ಅಪ್ಪಟ ಚಿನ್ನ," ಎಂದರು ಅತ್ತೆ. "ನಾನು ಬಂದ್ಮೇಲೆ ಒಂದು ಮೊಟ್ಟೆನೂ ಒಡೆದಿಲ್ಲ ನೋಡು. ಎಲ್ಲ ನನ್ನ ಕಾಲ್ಗುಣ."

ಹೌದೆಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ನನ್ನೊಳಗಿನ ಪಂಡಿತ ಬಿಡಬೇಕಲ್ಲ.

"ಕಾಲ್ಗುಣ ಅಲ್ಲ ಅತ್ತೆ, ವಿಜ್ಞಾನ. ಗಟ್ಟಿ ಸ್ಪ್ರಿಂಗು ಖಾಲಿ ಗಾಡಿನ ಎತ್ತಿ ಎಸೆಯುತ್ತೆ. ಹಿಂದೆ ಒಳ್ಳೆ ಭಾರ ಕೂತ್ರೆ ಮಾತ್ರ ಅದು ಬಗ್ಗೋದು..."

ಅಷ್ಟು ಹೇಳಿದ ಮೇಲೆ ನಾನಾಡಿದ ಮಾತು ನನಗೇ ಕೇಳಿಸಿತು. ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದರು. ಹೊಟ್ಟೆಯ ಬಳಿ ಅವರ ನೋಟ ಕೊಂಚ ತಂಗಿತು.

"ಭಾರ ಯಾರದ್ದಾದ್ರೂ ಆಗುತ್ತೆ ಅಲ್ವಾ ಅಳಿಯಂದ್ರೇ?" ಎಂದು ಮಗಳ ಕಡೆ ತಿರುಗಿದರು. "ಕೀ ತಗೋಮ್ಮ."

ಈಗ ಜೀಪು ಓಡಿಸುವವಳು ಹೆಂಡತಿ. ಅವಳ ಪಕ್ಕದಲ್ಲಿ, ಊರಿಗೆ ಹೊರಡುವುದನ್ನು ಮುಂದೂಡಿದ ಅತ್ತೆ; ಹಿಂದೆ ಮೊಟ್ಟೆಗಳ ನಡುವೆ ನಾನು. ನಿಜ ಹೇಳುತ್ತೇನೆ, ಅವಳು ಕಲ್ಲು ನೋಡಿ ಓಡಿಸುತ್ತಾಳೆ, ನನಗಿಂತ ಚೆನ್ನಾಗಿ. ಬೇಕರಿ ಕೈತಪ್ಪಲಿಲ್ಲ, ಮನೆ ಉಳಿಯಿತು. ಇಬ್ಬರಿಗೂ ಎಷ್ಟು ಕೈಮುಗಿದರೂ ಸಾಲದು.

ನಿನ್ನೆ ಊಟಕ್ಕೆ ಕೂತಾಗ, ಮೈ ಸ್ವಲ್ಪ ಇಳಿಸೋಣವೆಂದು ತಟ್ಟೆಗೆ ಕೈ ಅಡ್ಡ ಹಿಡಿದೆ. ಅತ್ತೆ ಆ ಕೈಯನ್ನು ಪ್ರೀತಿಯಿಂದ ಸರಿಸಿ ಇನ್ನೊಂದು ಸೌಟು ಅನ್ನ ಬಡಿಸಿದರು.

"ತಿನ್ನಿ ಅಳಿಯಂದ್ರೇ. ನೀವು ಇಳಿದುಹೋದ್ರೆ ಬೇಕರಿಯವರಿಗೆ ಏನಂತ ಹೇಳೋದು?"