ಸಮುದ್ರದ ಕೆಳಗೆ ಕೂತು ಸಮುದ್ರದ ಮೇಲಿನವರ ಚಿಂತೆ

ಹೆದರುವವರನ್ನು ಹೆದರಿಸುವ ಸಂಗತಿಗಳು ವಿಳಾಸ ಕೇಳಿಕೊಂಡು ಬರುತ್ತವೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ನೆದರ್‌ಲ್ಯಾಂಡ್ಸ್‌ಗೆ ಬಂದ ಮೇಲೆ ಅದು ಖಾತ್ರಿಯಾಗಿದೆ. ನಾನು ಚಿತ್ರದುರ್ಗದವನು. ನೀರು ನಲ್ಲಿಯಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಟ್ಯಾಂಕರ್, ಅಷ್ಟೇ ನನಗೂ ನೀರಿಗೂ ಇದ್ದ ಸಂಬಂಧ. ಅಂಥವನಿಗೆ ಕೆಲಸ ಸಿಕ್ಕಿದ್ದು ರಾಟರ್‌ಡ್ಯಾಮ್ ಪಕ್ಕದ ಕಾಪೆಲ್ಲೆಯ ಒಂದು ಕಂಪನಿಯಲ್ಲಿ. ಸಮುದ್ರ ಉಕ್ಕಿದರೆ ಯಾವ ಊರು ಎಷ್ಟು ಮುಳುಗುತ್ತದೆ ಎಂದು ನಕ್ಷೆ ಮಾಡುವುದು ಅಲ್ಲಿನ ಕೆಲಸ. ಆಫರ್ ಬಂದ ದಿನ ಹೆಂಡತಿ, "ನಿಮಗೆ ಹೆದರೋಕೆ ಹೊಸ ವಿಷಯ ಬೇಕಿತ್ತು, ಸಿಕ್ತು ಬಿಡಿ" ಅಂದಳು.

ನನ್ನ ಪಾಲಿಗೆ ಬಂದದ್ದು ಅಮೆರಿಕದ ಕಡಲ ತೀರದ ಒಂದು ಪುಟ್ಟ ಊರು. ಮುಂದೆ ಸಮುದ್ರ, ಹಿಂದೆ ಹಿನ್ನೀರು, ನಡುವೆ ಪಟ್ಟಿಯಂಥ ಮರಳು ನೆಲ. ಒಂದೇ ರಸ್ತೆ, ಒಂದೇ ಸೇತುವೆ. ಊರಿನ ಎಲ್ಲೆಯೊಳಗೆ ನೆಲಕ್ಕಿಂತ ನೀರೇ ಹೆಚ್ಚು. ಬಿರುಗಾಳಿ ಬಂದರೆ ಜನ ಹೇಗೆ ಊರು ಬಿಡಬೇಕು ಎಂದು ನಾವು ಯೋಜನೆ ಮಾಡಿಕೊಡಬೇಕು, ಊರಿನವರು ಸಭೆ ಸೇರಿ ಒಪ್ಪಬೇಕು. ಒಪ್ಪದಿದ್ದರೆ ಪ್ರಾಜೆಕ್ಟ್ ಮುಚ್ಚುತ್ತದೆ. ಪ್ರಾಜೆಕ್ಟ್ ಜೊತೆ ನನ್ನ ಕೆಲಸ, ಕೆಲಸದ ಜೊತೆ ಈ ದೇಶದಲ್ಲಿರುವ ಪರ್ಮಿಟ್. ಮಗಳು ಇಲ್ಲಿನ ಶಾಲೆಯಲ್ಲಿ ಆಗಷ್ಟೇ ಸ್ನೇಹಿತೆಯರನ್ನು ಮಾಡಿಕೊಂಡಿದ್ದಳು. ಒಟ್ಟಿನಲ್ಲಿ, ಕಣ್ಣಾರೆ ನೋಡದ ಊರೊಂದರ ಮರಳಿನ ಮೇಲೆ ನನ್ನ ಸಂಸಾರ ನಿಂತಿತ್ತು.

೧. ಪರದೆ ಪೂರ್ತಿ ನೀಲಿ

ಆ ಊರನ್ನು ಕಂಪ್ಯೂಟರಿನಲ್ಲಿ ಹಲವು ಸಲ ಮುಳುಗಿಸಿ ನೋಡಿದೆ. ಅಂಚು ಒದ್ದೆಯಾಗುತ್ತಿತ್ತು, ನಡುವೆ ಒಂದಿಷ್ಟು ನೆಲ ಉಳಿಯುತ್ತಿತ್ತು. ಒಂದು ದಿನ ಸುಮ್ಮನಿರಲಾರದೆ ಅದೇ ಪ್ರೋಗ್ರಾಂನಲ್ಲಿ ನಮ್ಮ ಆಫೀಸನ್ನೇ ಹಾಕಿದೆ. ಪರದೆ ಪೂರ್ತಿ ನೀಲಿಯಾಯಿತು. ರಸ್ತೆ ಇಲ್ಲ, ಸೈಕಲ್ ಸ್ಟ್ಯಾಂಡ್ ಇಲ್ಲ, ಕ್ಯಾಂಟೀನ್ ಇಲ್ಲ. ಈ ದೇಶ ಸಮುದ್ರಕ್ಕಿಂತ ಕೆಳಗಿದೆ ಎಂದು ಶಾಲೆಯಲ್ಲಿ ಓದಿದ್ದು ಬೇರೆ, ನಾನು ಕೂತ ಕುರ್ಚಿಯೇ ನೀರಿನ ಬುಡದಲ್ಲಿ ಕಂಡದ್ದು ಬೇರೆ.

ನಮ್ಮ ಟೀಮ್ ಲೀಡ್ ಹತ್ತಿರ ಓಡಿದೆ. ಅವನು ಇಲ್ಲಿನವನೇ, ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಉದ್ದ. ಚೀಸ್ ಹಾಕಿದ ಬ್ರೆಡ್ ತಿನ್ನುತ್ತಾ ಬಂದು ನೋಡಿದ.

"ಸರಿಯಾಗೇ ಇದೆ" ಅಂದ.

"ಸರಿಯಾಗಿದೆ ಅಂದ್ರೆ ಹೇಗೆ? ನಾವು ಮುಳುಗಿದ್ದೀವಿ."

"ಪಂಪ್ ಹಾಕೋದು ಮರೆತಿದ್ದೀಯ. ಇಲ್ಲಿ ಹಗಲೂ ರಾತ್ರಿ ಪಂಪ್ ನೀರು ಎತ್ತಿ ಹಾಕ್ತಾ ಇರತ್ತೆ. ಅದು ನಿಂತ್ರೆ ಹೀಗೇ ಆಗೋದು."

"ನಿಜವಾಗ್ಲೂ ಪಂಪ್‌ಗೆ ಕರೆಂಟ್ ಹೋದ್ರೆ?"

ಅವನು ಬಾಯಲ್ಲಿದ್ದ ಬ್ರೆಡ್ ನುಂಗಿ, ಗಂಭೀರವಾಗಿ ಯೋಚಿಸಿ ಹೇಳಿದ: "ನೀನು ಕೆಲಸ ನಿಲ್ಲಿಸಬೇಕಾಗಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆಯಲ್ಲ."

೨. ಮಧ್ಯಾಹ್ನದ ಸೈರನ್

ಆ ಅಮೆರಿಕದ ಊರಿನ ಆಫೀಸಿನಲ್ಲಿ ಇರುವುದು ಒಬ್ಬರೇ ಕ್ಲರ್ಕಮ್ಮ. ಬರ್ತ್ ಸರ್ಟಿಫಿಕೇಟ್ ಕೊಡುವುದೂ ಅವರೇ, ಲೈಬ್ರರಿ ತೆಗೆಯುವುದೂ ಅವರೇ, ಬೀಚಿನ ಪಾರ್ಕಿಂಗ್ ಪಾಸ್ ಮಾರುವುದೂ ಅವರೇ. ಇಷ್ಟೆಲ್ಲದರ ನಡುವೆ ನನ್ನ ಜೊತೆ ಮಾತಾಡಲು ಅವರಿಗೆ ಪುರುಸೊತ್ತಿದ್ದದ್ದು ಬೆಳಗಿನ ಜಾವ ಮಾತ್ರ, ಅಂದರೆ ನಮಗೆ ಮಧ್ಯಾಹ್ನ.

ಮೊದಲ ವಿಡಿಯೋ ಕಾಲ್, ಸೋಮವಾರ. "ನಿಮ್ಮ ಸುರಕ್ಷತೆಯೇ ನಮ್ಮ ಗುರಿ" ಎಂದು ನಾನು ಶುರು ಮಾಡಿದ್ದೇನೆ, ಹೊರಗೆ ಸೈರನ್ ಕೂಗತೊಡಗಿತು. ಊರಿಗೆ ಊರೇ ಊಳಿಟ್ಟ ಹಾಗೆ. ಸಮುದ್ರ ತಡೆಯುವ ಕಟ್ಟೆ ಒಡೆಯಿತು ಎಂದುಕೊಂಡು ಹೆಡ್‌ಫೋನ್ ಸಮೇತ ಮೇಜಿನ ಕೆಳಗೆ ಹೋದೆ. ನೀರು ಬಂದರೆ ಮೇಜಿನ ಮೇಲೆ ಹತ್ತಬೇಕು ಎನ್ನುವುದು ಹೊಳೆಯಲಿಲ್ಲ.

"ಹಲೋ, ಎಲ್ಲಿ ಹೋದ್ರಿ? ಅದೇನು ಸದ್ದು?" ಅಂದರು ಕ್ಲರ್ಕಮ್ಮ.

"ಅಪಾಯದ ಸೈರನ್."

"ನಾನು ಇಲ್ಲಿಂದ ಯಾರಿಗಾದ್ರೂ ಫೋನ್ ಮಾಡ್ಲಾ?"

ಆ ಕ್ಷಣದಲ್ಲಿ ಅದು ಒಳ್ಳೆಯ ಸಲಹೆ ಅನ್ನಿಸಿತು. ಇಲ್ಲಿನ ತುರ್ತು ನಂಬರ್ ಹೇಳುತ್ತಿದ್ದೆ, ಅಷ್ಟರಲ್ಲಿ ಕಣ್ಣೆದುರು ಬೂಟುಗಳು ನಿಧಾನವಾಗಿ ಒಂದೇ ಕಡೆ ಸಾಗುವುದು ಕಂಡಿತು. ಒಂದು ಜೊತೆ ಬೂಟು ನಿಂತಿತು. ಲೀಡ್ ಬಗ್ಗಿದ.

"ತಿಂಗಳ ಮೊದಲನೇ ಸೋಮವಾರ ಹನ್ನೆರಡಕ್ಕೆ ಟೆಸ್ಟ್ ಮಾಡ್ತಾರೆ. ಬಾ ಊಟಕ್ಕೆ, ಇವತ್ತು ಸೂಪ್ ಇದೆ."

"ನಿಜವಾದ ಪ್ರವಾಹವೇ ಮೊದಲನೇ ಸೋಮವಾರ ಹನ್ನೆರಡಕ್ಕೆ ಬಂದ್ರೆ? ಹೇಗೆ ಗೊತ್ತಾಗತ್ತೆ?"

"ಸೂಪ್ ತೆಳ್ಳಗಿರತ್ತೆ" ಅಂದ.

೩. ಯಾವತ್ತಿನ ಜನಸಂಖ್ಯೆ?

ಜನರನ್ನು ಸಾಗಿಸಬೇಕಾದರೆ ಎಷ್ಟು ಜನ ಎಂದು ತಿಳಿಯಬೇಕಲ್ಲ. ಕ್ಲರ್ಕಮ್ಮನನ್ನು ಕೇಳಿದೆ.

"ಯಾವತ್ತಿಂದು ಹೇಳ್ಲಿ?" ಅಂದರು.

"ಇವತ್ತಿಂದು."

"ಇವತ್ತು ಮಳೆ. ಬಿಸಿಲು ಬಂದ್ರೆ ಬೇರೆ."

ಬೇಸಿಗೆಯಲ್ಲಿ ಆ ಮರಳಿನ ಮೇಲೆ ಕಾಲಿಡಲು ಜಾಗ ಇರುವುದಿಲ್ಲವಂತೆ. ಚಳಿಗಾಲದಲ್ಲಿ ಉಳಿಯುವವರನ್ನು ನಮ್ಮ ಕಡೆ ಮದುವೆಯ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಬಹುದು. ಮೊದಲು ಚಳಿಗಾಲದ್ದೇ ಆಗಲಿ ಅಂದೆ. ಅವರು ಕಣ್ಣು ಮುಚ್ಚಿ ಮನೆ ಮನೆ ನೆನೆಯುತ್ತಾ ಬೆರಳು ಮಡಚಿದರು. "ಮುಂದಿನ ಮನೇಲಿ ಗಂಡ ಹೆಂಡತಿ. ಮಾತು ಬಿಟ್ಟಿದ್ದಾರೆ, ಎರಡು ಕಾರ್ ಬರ್ಕೊಳ್ಳಿ" ಎನ್ನುವಂಥ ವಿವರಗಳೂ ಜೊತೆಗೆ ಬಂದವು.

ಎಲ್ಲರನ್ನೂ ಕಂಪ್ಯೂಟರಿನಲ್ಲಿ ಸೇತುವೆ ದಾಟಿಸಿದೆ. ಪ್ರತಿ ಸಲವೂ ಒಬ್ಬರು ಊರಲ್ಲೇ ಉಳಿಯುತ್ತಿದ್ದರು. ಯಾರೋ ಮುದುಕರೋ, ಕಾಲಿಲ್ಲದವರೋ, ನನ್ನ ತಪ್ಪಿನಿಂದ ನೀರಲ್ಲಿ ನಿಂತಿದ್ದಾರೆ ಎಂದು ಮತ್ತೆ ಮತ್ತೆ ಲೆಕ್ಕ ಹಾಕಿದೆ. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಕೊನೆಗೆ ಕ್ಲರ್ಕಮ್ಮನಿಗೆ ಊಟ ಸೇರದ್ದನ್ನೂ ಸೇರಿಸಿ ಹೇಳಿಯೇಬಿಟ್ಟೆ.

"ಓ, ಅದು ನಾನು. ನನಗೆ ಕಾರ್ ಬರೆಸಿಲ್ಲ" ಅಂದರು. "ಎಲ್ಲರೂ ಹೋದ್ರಾ ಅಂತ ನೋಡೋಕೆ ಒಬ್ಬರು ಬೇಡ್ವಾ?"

"ನೀವು ಹೋದ್ರಾ ಅಂತ ಯಾರು ನೋಡ್ತಾರೆ?"

"ಅದಕ್ಕೆ ಇನ್ನೊಬ್ಬರನ್ನ ಇಟ್ರೆ ನಿಮಗೆ ಮತ್ತೆ ಊಟ ಸೇರಲ್ಲ."

೪. ಅಕ್ಕಿ ಅಟ್ಟ ಹತ್ತಿದ್ದು

ಅಲ್ಲಿಯವರಿಗೆ ಯೋಜನೆ ಮಾಡುತ್ತಾ ಮನೆಯವರನ್ನು ಮರೆಯಬಾರದಲ್ಲ. ಒಂದು ಶನಿವಾರ ಅಕ್ಕಿ, ಬೇಳೆ, ಉಪ್ಪಿನಕಾಯಿ, ಸಾರಿನ ಪುಡಿ, ಪಾಸ್‌ಪೋರ್ಟು, ದೇವರ ಪಟ ಎಲ್ಲವನ್ನೂ ಅಟ್ಟಕ್ಕೆ ಸಾಗಿಸಿದೆ. ಇಲ್ಲಿನ ಮನೆಗಳ ಮೆಟ್ಟಿಲನ್ನು ನೋಡಿದವರಿಗೆ ಗೊತ್ತು, ಅದಕ್ಕೆ ಏಣಿ ಎನ್ನುವುದೇ ಸರಿ. ಅಟ್ಟದ ಕಿಟಕಿ ಸಮುದ್ರದ ಮಟ್ಟಕ್ಕೆ ಸರಿಸಮ ಎಂದು ನಕ್ಷೆ ನೋಡಿಯೇ ಖಚಿತ ಮಾಡಿಕೊಂಡಿದ್ದೆ.

ವಾರ ಪೂರ್ತಿ ಇದೇ ಕತೆ. ಹೆಂಡತಿ ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟು ಸಾಸಿವೆಗೆ ಅಟ್ಟ ಹತ್ತುವಳು, ಇಳಿಯುವಷ್ಟರಲ್ಲಿ ಹೊಗೆ ಎದ್ದು ಅಲಾರಂ ಕೂಗುವುದು, ನಾನು ಸೋಮವಾರವೇನೋ ಎಂದು ಕ್ಯಾಲೆಂಡರ್ ನೋಡುವುದು. ಮಗಳನ್ನು ಕಳಿಸಿದರೆ "ನೇ, ಮಮ್ಮಾ" ಎಂದು ಡಚ್ಚಿನಲ್ಲೇ ಖಡಾಖಂಡಿತವಾಗಿ ಒಲ್ಲೆ ಎನ್ನುತ್ತಿದ್ದಳು. ಶುಕ್ರವಾರ ಹೆಂಡತಿ ಬೇಳೆ ಡಬ್ಬಿ ಹಿಡಿದು ಕೊನೇ ಮೂರು ಮೆಟ್ಟಿಲು ಕೂತುಕೊಂಡೇ ಇಳಿದಳು.

"ಪ್ರವಾಹ ಬಂದ್ರೆ ಒಂದೇ ಸಲ ಹೋಗ್ತೀವಿ ರೀ" ಅಂದಳು. "ನೀವು ಕಾಪಾಡ್ತಾ ಇರೋದ್ರಿಂದ ನಾನು ದಿನಾ ಹೋಗ್ತಾ ಇದೀನಿ."

೫. ಕೊನೇ ಮನೆಯ ಅಜ್ಜಿ

ಊರಿನ ಸಭೆಯ ದಿನ ಬಂತು. ಶನಿವಾರ, ಅವರಿಗೆ ಬೆಳಗ್ಗೆ, ನಮಗೆ ಮಧ್ಯಾಹ್ನ. ನಾನು ಮನೆಯಿಂದ, ಲೀಡ್ ಅವನ ಮನೆಯಿಂದ. ಹಿಂದಿನ ದಿನ ಅವನು ಪಾಠ ಹೇಳಿದ್ದ: "ಗಾಬರಿ ತೋರಿಸಬೇಡ. ನಾವು ಡಚ್ಚರು ನೀರಿಗೆ ಹೆದರಲ್ಲ ಅನ್ನು."

"ನಾನು ಡಚ್ಚನಲ್ಲ."

"ಅಷ್ಟು ದೂರದಿಂದ ಗೊತ್ತಾಗಲ್ಲ."

ನಕ್ಷೆ ತೋರಿಸಿದೆ. ಆಮೇಲೆ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಎದ್ದು ನಿಂತರು. ಸಮುದ್ರಕ್ಕೆ ತಾಗಿದ ಕೊನೇ ಮನೆ ಅವರದು, ಹಿಂದೆ ಬಂದ ಪರಿಣತರನ್ನೆಲ್ಲ ಓಡಿಸಿದ್ದೂ ಅವರೇ ಎಂದು ಕ್ಲರ್ಕಮ್ಮ ಮೆಲ್ಲಗೆ ಹೇಳಿದರು. ಅಜ್ಜಿ ಏನನ್ನುತ್ತಾರೋ ಊರು ಅದನ್ನೇ ಅನ್ನುತ್ತದಂತೆ.

"ನಿನ್ನ ಮನೆ ಸಮುದ್ರಕ್ಕಿಂತ ಎಷ್ಟು ಎತ್ತರದಲ್ಲಿದೆ?" ಅಂದರು ಅಜ್ಜಿ.

"ಎತ್ತರದಲ್ಲಿಲ್ಲ. ಸಮುದ್ರ ಅಟ್ಟದ ಕಿಟಕಿಗೆ ಬರತ್ತೆ."

ಸಭೆ ನಕ್ಕಿತು. ಅಜ್ಜಿ ನಗಲಿಲ್ಲ. "ಹೆದರಿಕೆ ಆಗಲ್ವಾ?"

ಪರದೆಯ ಮೂಲೆಯಲ್ಲಿ ಲೀಡ್ ತಲೆ ಅಲ್ಲಾಡಿಸಿ ಇಲ್ಲ ಅನ್ನು, ಇಲ್ಲ ಅನ್ನು ಎನ್ನುತ್ತಿದ್ದ. ನನ್ನ ಬಾಯಿಗೆ ಸುಳ್ಳು ಬರಲಿಲ್ಲ. "ಆಗತ್ತೆ, ದಿನಾ" ಅಂದೆ. "ನನ್ನ ಮನೆ ನೆನೆದ್ರೂ ಆಗತ್ತೆ, ನಿಮ್ಮ ಮನೆ ನೆನೆದ್ರೂ ಆಗತ್ತೆ. ನಿಮ್ಮೂರಲ್ಲಿ ನಿನ್ನೆ ಸಮುದ್ರದ ಕಡೆಯಿಂದ ಗಾಳಿ ಇತ್ತು, ನನಗೆ ಅನ್ನ ಇಳೀಲಿಲ್ಲ."

"ಅದು ನಿಜ" ಎಂದು ಅಡುಗೆಮನೆಯಿಂದ ಹೆಂಡತಿ ಇಂಗ್ಲಿಷಿನಲ್ಲಿ ಕೂಗಿದಳು.

ಪರ್ಮಿಟ್ ಹೋಯಿತು, ಮಗಳ ಸ್ನೇಹಿತೆಯರು ಹೋದರು ಎಂದು ನಾನು ಮನಸ್ಸಿನಲ್ಲೇ ಸಾಮಾನು ಕಟ್ಟತೊಡಗಿದೆ. ಅಜ್ಜಿ ಸಭೆಯ ಕಡೆ ತಿರುಗಿದರು.

"ಇಲ್ಲೀ ತನಕ ಬಂದೋರೆಲ್ಲ ಹೆದರಬೇಡಿ ಅಂದ್ರು. ನಮ್ಮ ಪರವಾಗಿ ಹೆದರೋನು ಇವನೊಬ್ಬನೇ. ಇವನನ್ನೇ ಇಟ್ಕೊಳ್ಳಿ. ಆದ್ರೆ ಬಿರುಗಾಳಿ ಬಂದಾಗ ಇವನೇ ನನಗೆ ಫೋನ್ ಮಾಡಬೇಕು. ಬೇರೆ ಯಾರು ಹೇಳಿದ್ರೂ ನಾನು ಮನೆ ಬಿಡಲ್ಲ."

ಕೈಗಳು ಎದ್ದವು. ಕೆಲಸ ಉಳಿಯಿತು. "ಹೆದರೋದಕ್ಕೂ ಸಂಬಳ ಕೊಡ್ತಾರೆ ಅಂತ ಗೊತ್ತಿದ್ರೆ ನಿಮಗಿಂತ ಹೆದರೋ ಅತ್ತೇನೂ ಕರ್ಕೊಂಡು ಬರಬಹುದಿತ್ತು" ಅಂದಳು ಹೆಂಡತಿ.

ಬಿರುಗಾಳಿ ಬಂದದ್ದು ಅದೇ ವರ್ಷ, ನಮ್ಮಲ್ಲೂ ಮಳೆ ಗಾಳಿಯಿದ್ದ ಒಂದು ಮಧ್ಯಾಹ್ನ. ಅಜ್ಜಿಯ ಮೊಬೈಲಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಆಗ ನನಗೆ ಪರ್ಮಿಟ್ಟೂ ನೆನಪಾಗಲಿಲ್ಲ, ಪ್ರಾಜೆಕ್ಟೂ ನೆನಪಾಗಲಿಲ್ಲ. ಮರಳಿನ ತುದಿಯ ಆ ಒಂದು ಮನೆ, ಅದರೊಳಗೆ ಹಟ ಹಿಡಿದು ಕೂತ ಮುದುಕಿ, ಅಷ್ಟೇ ಕಣ್ಣೆದುರು. ಹೆಂಡತಿ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. ಎಷ್ಟೋ ಹೊತ್ತಿನ ಮೇಲೆ ಆ ಕಡೆಯಿಂದ ದನಿ ಕೇಳಿತು.

"ಅಜ್ಜೀ, ದಯವಿಟ್ಟು ಹೊರಡಿ. ನೀರು ಏರ್ತಾ ಇದೆ. ಸಾಮಾನು ಇರ್ಲಿ, ನೀವು ಹೊರಡಿ" ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

"ನೀನು ಫೋನ್ ಮಾಡೇ ಮಾಡ್ತೀಯ ಅಂತ ಗೊತ್ತಿತ್ತು, ನಾನು ನಿನ್ನೆಯೇ ಸೇತುವೆ ದಾಟಿ ಮಗಳ ಮನೆಗೆ ಬಂದೆ" ಅಂದರು ಅಜ್ಜಿ. "ನೀನು ಇನ್ನೂ ಆ ಸಮುದ್ರದ ಕೆಳಗೇ ಕೂತಿದ್ದೀಯಾ?"